ಬಾಕಿ

ಚೌಬಾರಾದ ಹಿಂದಿನ ಓಣಿಯಲ್ಲಿ ನನ್ನ ಜೆರಾಕ್ಸ್ ಅಂಗಡಿ.
ಆಧಾರು, ಪಹಣಿ, ಜಾತಿ ಪ್ರಮಾಣಪತ್ರ, ಹರಿದ ಮಾರ್ಕ್ಸ್‌ಕಾರ್ಡು,
ಇವುಗಳ ನಡುವೆ ಒಂದು ದಿನ ಬಂತು ನೋಟುಬುಕ್ಕು.
ಮೊದಲ ಸಾಲು:
ಹಡಗು ಹೊರಟು ಮುನ್ನೂರಾ ಹನ್ನೊಂದು ವರ್ಷ.

ಎಷ್ಟು ಪ್ರತಿ, ಅಂದೆ.
ಒಂಬತ್ತು ಮಾಡ್ರಿ ಕಾಕಾ, ಅಂದ ಘಾಳೆಪ್ಪ.
ಪಾಲಿಟೆಕ್ನಿಕ್ಕಿನ ಹುಡುಗ,
ಬರಲೋ ಬೇಡವೋ ಎಂದು ಮೀಸೆ ಇನ್ನೂ ವಿಚಾರ ಮಾಡುತ್ತಿತ್ತು.

ಹಡಗಿನ ಹೆಸರು ನೌಬಾದ್.
ಊರ ಹೊರಗಿನ ಸುರಂಗಬಾವಿಯ ನಕಾಶೆಯನ್ನೇ
ಎತ್ತಿ ಆಕಾಶದಲ್ಲಿಟ್ಟಿದ್ದರು:
ಉದ್ದಾನುದ್ದ ಕತ್ತಲು, ಅಲ್ಲಲ್ಲಿ ಬೆಳಕಿಗೊಂದು ಕಿಂಡಿ,
ತಳದಲ್ಲಿ ಸದ್ದಿಲ್ಲದ ನೀರು.
ಯಾರು ಬೇಕಾದರೂ ಒಂದು ಅಧ್ಯಾಯ ಬರೆಯಬಹುದು.
ಕರಾರು ಒಂದೇ.
ಹಿಂದಿನವರು ಬರೆದದ್ದನ್ನು ಹೊಡೆದುಹಾಕುವಂತಿಲ್ಲ.

ನಲವತ್ತನೇ ಅಧ್ಯಾಯದಲ್ಲಿ ಹಸಿರು ಗ್ರಹವೊಂದು ಕಂಡಿತು.
ಕಂಡದ್ದೇ ತಪ್ಪಾಯಿತು.

ಇಳಿಯೋಣ ಅಂದರು ಅರ್ಧ ಮಂದಿ,
ಮಣ್ಣು ಮುಟ್ಟದೆ ಸತ್ತ ಹನ್ನೆರಡು ತಲೆಮಾರಿನ ಆಣೆ ಹಾಕಿ.
ಇಳಿಯಬಾರದು ಅಂದರು ಉಳಿದವರು.
ಅಲ್ಲಿ ಯಾರೋ ಅದಾರಲ್ಲ, ಅವರ ಹೊಲದಾಗ ನಾವ್ಯಾಕ?
ಹಡಗಿನಾಗ ಹುಟ್ಟಿದವರಿಗೆ ಹಡಗೇ ಊರು.

ಸೈಫುದ್ದೀನನ ಅಪ್ಪ ಬಿದ್ರಿ ಕೆಲಸದವನು.
ಕೋಟೆಯ ಮಣ್ಣಿನಲ್ಲಿ ಕಪ್ಪಾಗಿ ಬಂದವು ಬಿಲ್ಲೆಗಳು:
ಇಳಿಯುವವರ ಎದೆಗೆ ಬೆಳ್ಳಿಯ ಬೇರು,
ಇಳಿಯದವರಿಗೆ ಬೆಳ್ಳಿಯ ಬರಿ ವೃತ್ತ.
ಎರಡನ್ನೂ ಕೆತ್ತಿದ್ದು ಒಂದೇ ಉಳಿ.
ದೋನೋ ಪಾರ್ಟಿ ಕೇ ಪೈಸೇ ಕೌನ್ ದೇತಾ ಮಿಯಾಂ,
ಮುದುಕ ಕೇಳಿದ್ದು ಇಷ್ಟೇ.

ಆಮೇಲೆ ಚಹಾದಂಗಡಿಯೂ ಬೇರೆಯಾಯಿತು.
ಇವರಿಗೆ ಗಣೇಶ ಮೈದಾನದ ಮೂಲೆ,
ಅವರಿಗೆ ಮದರಸಾದಲ್ಲಿ ಉಳಿದಿರುವ ಒಂದೇ ಮಿನಾರಿನ ನೆರಳು.
ಝೀರಾ ಕಡೆಯ ಮನ್‌ಜೋತ್ ಕೌರ್, ಇಳಿಯದವರ ಮುಖಂಡಳು,
ಒಂದು ರಾತ್ರಿ ಕೂತು ಕಪ್ತಾನನನ್ನು ಕೊಂದಳು.
ಹದಿನಾಲ್ಕು ಪುಟ. ಟ್ರೇ ತುಂಬುವುದನ್ನು ಮರೆತು ಓದಿದೆ.
ಹೊಡೆದುಹಾಕುವಂತಿಲ್ಲವಲ್ಲ!
ಘಾಳೆಪ್ಪ ಬರೆದ: ಸತ್ತದ್ದು ಕಪ್ತಾನನ ಅವಳಿ ತಮ್ಮ.
ಅವಳು ಬರೆದಳು: ಇಷ್ಟು ದಿನ ಕಪ್ತಾನನಾಗಿದ್ದವನೇ ಆ ತಮ್ಮ.
ಹೀಗೆ ಆ ಮನುಷ್ಯ ಒಂದು ತಿಂಗಳಲ್ಲಿ ಐದು ಸಲ ಸತ್ತ,
ಐದು ಸಲವೂ ಒಂಬತ್ತೊಂಬತ್ತು ಪ್ರತಿ ತೆಗೆದೆ.
ಮೇಲೆ ತರಬೇತಿ ವಿಮಾನಗಳು ಗಂಟೆಗಟ್ಟಲೆ
ಇಳಿಯುವುದೇ ಇಲ್ಲವೆಂಬಂತೆ ಸುತ್ತಿ
ಸಂಜೆಗೆ ಇಳಿಯುತ್ತಿದ್ದವು.

ಜಗದೇವಿ ಯಾವ ಬಿಲ್ಲೆಯನ್ನೂ ಹಾಕಲಿಲ್ಲ.
ಅವಳವ್ವ ನಸುಕಿನಲ್ಲಿ ಇದೇ ಓಣಿ ಗುಡಿಸುತ್ತಾಳೆ,
ನಾನು ಶಟರ್ ಎತ್ತುವ ಹೊತ್ತಿಗೆ ಹೋಗಿರುತ್ತಾಳೆ.
ಹುಡುಗಿ ಬರೆದದ್ದು ಎರಡೇ ಪುಟ:
ಹಡಗಿನ ಅಡಿಗಾಲುವೆಯಲ್ಲಿ ಹೂಳು ತೆಗೆಯುವ ಕಿಷ್ಟಮ್ಮ.
ಮುನ್ನೂರಾ ಹನ್ನೊಂದು ವರ್ಷದಲ್ಲಿ ಅವಳ ಮನೆತನದವರು
ಯಾರೂ ಕಿಟಕಿಯ ತನಕ ಬಂದಿಲ್ಲ.
ಮೇಲಿನಿಂದ ಗದ್ದಲ ಕೇಳಿಸುತ್ತದೆ.
ಗ್ರಹ ಅಂದರ ಏನವ್ವ?
ಗೊತ್ತಿಲ್ಲ. ಆ ಬುಟ್ಟಿ ಈ ಕಡೆ ಸರಿಸು.

ಎರಡೂ ಪಂಗಡದವರು ನನ್ನ ಮೆಟ್ಟಿಲ ಮೇಲೆ ನಿಂತೇ ಓದಿದರು.
ತುಸು ಹೊತ್ತು ಮೆಷಿನ್ನು ಮಾತ್ರ ಮಾತಾಡಿತು.
ಕಿಷ್ಟಮ್ಮ ನಮ್ಮಕಿ, ಅಂದ ಘಾಳೆಪ್ಪ.
ನಮ್ಮಕಿ, ಅಂದಳು ಮನ್‌ಜೋತ್.
ಜಗದೇವಿ ಮೂಲಪ್ರತಿ ಮಡಚಿ ಚೀಲದಲ್ಲಿಟ್ಟು
ಸೈಕಲ್ಲು ಹತ್ತಿದಳು.

ಹಡಗು ಈಗಲೂ ಆ ಹಸಿರಿನ ಮುಂದೆ ನಿಂತಿದೆ.
ಎರಡು ನೋಟುಬುಕ್ಕಿನಲ್ಲಿ ಎರಡು ನೌಬಾದ್,
ಒಂದೊಂದರಲ್ಲೂ ಇನ್ನೊಂದು ಸುಳ್ಳು.

ನನ್ನ ವಹಿಯಲ್ಲಿ ಇಷ್ಟಿದೆ:
ಇಳಿಯುವವರಿಂದ ಬರಬೇಕಾದ್ದು ನೂರಾ ಹದಿನಾರು.
ಇಳಿಯದವರಿಂದ ತೊಂಬತ್ತು,
ಕಪ್ತಾನನ ಕಡೆಯ ಸಾವಿನ ಬಗ್ಗೆ ತಕರಾರಿದೆ.
ಕಿಷ್ಟಮ್ಮನ ಎರಡು ಪುಟ, ಒಂಬತ್ತು ಪ್ರತಿ:
ಚಿಲ್ಲರೆ ಎಣಿಸಿ ಗಲ್ಲೆಯ ಮೇಲಿಟ್ಟು ಹೋದಳು.
ಜಮಾ.

ಹತ್ತನೆಯದೊಂದು ತೆಗೆದಿದ್ದೆ, ಯಾರೂ ಕೇಳದೆ.
ಅದನ್ನು ಎಲ್ಲಿ ಬರೆಯಬೇಕೋ ತಿಳಿದಿಲ್ಲ.