ಚಿಲ್ಲರೆ ಬಾಕಿ

ಸಂಜೆ ಆರೂವರೆ. ಗುಟ್ಟಹಳ್ಳಿ ಸರ್ಕಲ್ಲಿನ ಹಾರನ್ನುಗಳೆಲ್ಲ
ನನ್ನ ಅಂಗಡಿಯ ಮೆಟ್ಟಿಲವರೆಗೆ ಬಂದು ನಿಂತ ಹೊತ್ತಿಗೆ
ಬರುತ್ತಾರೆ ಮುದ್ದಯ್ಯನವರು.
ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರು,
ಕಿವಿಯ ಸಂದಿಯಲ್ಲಿ ಈಗಲೂ ಪೆನ್ನು.
ಬಿಸ್ಕತ್ತಿನ ಪೊಟ್ಟಣವನ್ನು ಬೋರಲು ಹಾಕಿ,
ಭೂತಗನ್ನಡಿ ಹಿಡಿದು,
ಇರುವೆಸಾಲಿನಂಥ ಅಕ್ಷರಗಳ ಮೇಲೆ ಬಗ್ಗುತ್ತಾರೆ,
ಯಾರದೋ ಮಾಸಿದ ಪಾಸು ನೋಡುವ ಹಾಗೆ.

"ನಾನೂರ ಎಪ್ಪತ್ತೊಂದು," ಅಂದರು ಮೊದಲ ದಿನ.
"ಇದು ಎಲ್ಲಿಂದ ಹೊರಡತ್ತೆ ತಾಯಿ?"
ನನಗೇನು ಗೊತ್ತು. ಇಪ್ಪತ್ತು ವರ್ಷದಿಂದ
ನಾನು ಓದಿದ್ದು ಬೆಲೆ, ಕೊನೆಯ ತಾರೀಖು, ಅಷ್ಟೇ.
"ಎರಡು ಡಿಪೋ ಇವೆ ಇದಕ್ಕೆ. ಒಂದು ಎಣ್ಣೆಕಾಳಿನದು.
ಇನ್ನೊಂದು ಕೊಬ್ಬಿನದು, ಯಾವ ಪ್ರಾಣಿಯದೋ.
ಬೋರ್ಡಿನಲ್ಲಿ ನಂಬರು ಮಾತ್ರ.
ಹೊರಟ ಊರು ಗೊತ್ತಿಲ್ಲದ ಬಸ್ಸಿಗೆ
ನಾನು ಹ್ಯಾಗೆ ರೈಟ್ ರೈಟ್ ಅನ್ನಲಿ?"

ಹಸಿರು ಚುಕ್ಕಿ ತೋರಿಸಿದೆ.
ನಕ್ಕರು. "ಸರಿ, ಕೊಬ್ಬು ಇಳಿದು ಹೋಯಿತು ಅನ್ನೋಣ.
ಹಾಲು ಇದೇ ಚುಕ್ಕಿಯಡಿ ಕೂತು ಬರತ್ತೆ,
ಜೇನು ಬರತ್ತೆ, ಜೇನುಮೇಣ ಬರತ್ತೆ,
ಅರಗೂ ಬರತ್ತೆ,
ಹುಳ ಕೊಂಬೆಗೆ ಅಂಟಿಸಿಕೊಂಡ ಅದರದೇ ಮನೆ!
ಪಾಂಡವರಾದರೂ ಸುರಂಗ ಹಿಡಿದು ಹೊರಬಿದ್ದರು."

ಮಹಡಿಯ ಬಾಡಿಗೆಯವರ ಮಗು
ದುಬೈಯಿಂದ ಬಂದ ಕೆಂಪು ಮಿಠಾಯಿ ಚೀಪುತ್ತ ನಿಂತಿತ್ತು.
ಅದರ ಕಾಗದದಲ್ಲಿ ನೂರಿಪ್ಪತ್ತು.
ಅದೂ ಹುಳವಂತೆ. ಒಣಗಿಸಿ, ಅರೆದು, ಬಣ್ಣ.
ಮಗುವಿನ ತುಟಿ ನೋಡಿದರು, ನನ್ನ ಹಣೆ ನೋಡಿದರು,
ಏನೂ ಅನ್ನಲಿಲ್ಲ.
ಆ ರಾತ್ರಿ ನಾನು ಕುಂಕುಮದ ಡಬ್ಬಿಯನ್ನೂ ತಿರುಗಿಸಿ ನೋಡಿದೆ.

ಈಗಿನ ಮಕ್ಕಳ ಮಾತು ವೀಗನ್ ಅನ್ನುವುದು,
ನಿಮಗ್ಯಾಕೆ ಈ ವಯಸ್ಸಿನಲ್ಲಿ, ಅಂತ ಕೇಳಿದ್ದೆ ಒಮ್ಮೆ.
ಚಕ್ಕುಲಿ ತೂಕವಾಗುತ್ತಿತ್ತು. ತಕ್ಕಡಿಯ ಮುಳ್ಳನ್ನೇ ನೋಡುತ್ತ ಹೇಳಿದರು:
ಹಿಂದಿನ ಬೀದಿಯ ಕೊಟ್ಟಿಗೆಯಲ್ಲಿ ಹಸು ಈದಿತ್ತು,
ಗಂಡುಕರು. ಮೂರನೆಯ ದಿನ ಒಂದು ಆಟೋ ಬಂತು.
ಸೀಟಿನಡಿಯಿಂದ ನಾಲ್ಕು ಕಾಲು ಹೊರಗೆ ಚಾಚಿದ್ದವು.
"ಫುಟ್‌ಬೋರ್ಡಿನಲ್ಲಿ ಜೋತುಬಿದ್ದವರನ್ನು
ಒಳಗೆ ಬನ್ನಿ, ಒಳಗೆ ಬನ್ನಿ ಅಂತ ಜೀವಮಾನ ಕೂಗಿದವನು ನಾನು.
ಅವತ್ತು ಬಾಯಿ ಬರಲಿಲ್ಲ."
ಆಮೇಲೆ, "ಚಕ್ಕುಲಿಗೆ ಬೆಣ್ಣೆ ಹಾಕಿದ್ದಾರಾ?"
ಹಾಕಿದ್ದರು. ತಟ್ಟೆಯಿಂದ ಡಬ್ಬಿಗೆ ವಾಪಸ್ಸು ಸುರಿದೆ.

ಕಾರ್ನ್‌ಫ್ಲೇಕ್ಸ್ ಕಂಪನಿಗೆ ನಾವಿಬ್ಬರೂ ಫೋನು ಹಚ್ಚಿದ್ದೂ ಉಂಟು.
ನೂರಕ್ಕೆ ನೂರು ಸಸ್ಯಾಹಾರಿ ಸರ್, ಅಂದಳು ಹುಡುಗಿ.
"ಡಿ ವಿಟಮಿನ್ನು ಯಾವುದರಿಂದಮ್ಮ, ಕುರಿ ಉಣ್ಣೆಯ ಜಿಡ್ಡಿನಿಂದಲಾ?"
ಸಂಗೀತ ಹಾಕಿದಳು. ಒಂಬತ್ತು ನಿಮಿಷ ಕೇಳಿದೆವು.
ಲೈನು ಕಟ್ಟಾಯಿತು.

ಹಸಿರೆಲೆಯ ಹೊಸ ಮುದ್ರೆಯದು ನನ್ನಲ್ಲಿರುವುದು ಒಂದೇ ಪೊಟ್ಟಣ.
ಬೆಲೆ ನೋಡಿ ಮೆಲ್ಲಗೆ ಶೆಲ್ಫಿನಲ್ಲಿಟ್ಟರು:
"ಇದು ಏಸಿ ಬಸ್ಸು."

ನಿನ್ನೆ ಕಡಲೆಬೀಜ, ಅವಲಕ್ಕಿ, ಒಂದು ಅಚ್ಚು ಬೆಲ್ಲ.
ಎರಡು ರೂಪಾಯಿ ಹಿಂದಿರುಗಿಸಬೇಕು. ಗಲ್ಲದಲ್ಲಿ ನಾಣ್ಯವಿಲ್ಲ.
ಎಲ್ಲರಿಗೂ ಕೊಡುವಂತೆ ಎರಡು ಪೆಪ್ಪರಮಿಂಟು ಕೈಗಿಟ್ಟೆ,
ಮಿರಮಿರ ಮಿಂಚುವಂಥವು.
ಭೂತಗನ್ನಡಿ ಹೊರಬಂತು.
ಒಂಬೈನೂರ ನಾಲ್ಕು. ಅರಗು.
ಅವನ್ನು ಒಂದೊಂದಾಗಿ ಬಾಟಲಿಗೆ ಇಳಿಸಿ,
ಕಿವಿಯ ಸಂದಿಯ ಪೆನ್ನು ನನ್ನ ಕೈಗೆ ಕೊಟ್ಟರು.

ಎಷ್ಟು ಸಾವಿರ ಸಲ ಬರೆದಿರಬೇಕು ಅವರು,
ಇಳಿಯುವ ಅವಸರದವರಿಗೆ, ಟಿಕೀಟಿನ ಬೆನ್ನಿಗೆ.
ಚೀಟಿ ಮಗುಚಿ ನಾನೂ ಬರೆದೆ: ೨ ಬಾಕಿ.
ಸುತ್ತ ಒಂದು ಗೆರೆ ಎಳೆದೆ.