ಸಮುದ್ರಕ್ಕೆ ಬೆನ್ನು

ವನ್ನಳ್ಳಿ ಗುಡ್ಡದ ತುದಿಯಲ್ಲಿ ಬೆಳಗಿನ ಏಳೂವರೆಗೆ
ಜಿಫ್ರಿ ಹಗ್ಗ ಬಿಚ್ಚಿದ.
ಒಂದು ಸುತ್ತು ಕರಿಬಂಡೆಗೆ,
ಇನ್ನೊಂದು ಮುರುಗಲ ಮರದ ಬುಡಕ್ಕೆ.
ಇದು ತಪ್ಪಿದರೆ ಅದು, ಅಂದ.
ಅದೂ ತಪ್ಪಿದರೆ? ಏಳನೇ ಇಯತ್ತೆಯ ಮಾಬ್ಲ ಕೇಳಿದ.
ಆಗ ನಾನು, ಅಂದು
ಎದೆಯ ಕೊಂಡಿಯನ್ನು ಟಕ್ಕೆನಿಸಿ ತೋರಿಸಿದ.

ಭಟ್ಕಳದವ. ಆರು ವರ್ಷ ದುಬೈಯಲ್ಲಿ
ಹೀಗೇ ಹಗ್ಗಕ್ಕೆ ಜೋತು ಗಾಜು ಒರೆಸಿದವ.
ಶುಕ್ರವಾರ ರಜೆ ಸಿಕ್ಕರೆ
ಮರುಭೂಮಿಯ ಒಣ ಕಣಿವೆಗೆ ಹೋಗಿ ಮತ್ತೆ ಇಳಿಯುವುದೇ.
"ಅಲ್ಲಿ ಕೆಳಗೂ ಮೇಲೂ ಸದ್ದೇ ಇಲ್ಲ ಅಕ್ಕೋರೇ,
ನನ್ನ ಉಸಿರು ಕೇಳಿ ನಾನೇ ಬೆಚ್ಚಿ ಬೀಳ್ತಿದ್ದೆ.
ಇಲ್ಲಾದ್ರೆ ಸಮುದ್ರ ಮಾತಾಡ್ತದೆ."

ಯಾರು ಮೊದಲು?

ಲೆಕ್ಕ ಬಿಡಿಸಲು ಕರೆದರೆ
ನೆಲ ನೋಡುವ ಹನ್ನೊಂದು ಮಕ್ಕಳು
ಈಗ ನನ್ನನ್ನೇ ನೋಡಿದರು.

ಇಪ್ಪತ್ತೆಂಟು ವರ್ಷ ಸೀರೆ.
ಇವತ್ತು ಪೀಟಿ ಮಾಸ್ತರರ ಪ್ಯಾಂಟು,
ಅದರ ಮೇಲೆ ಕುದುರೆಗೆ ಕಟ್ಟಿದ ಹಾಗೆ ಪಟ್ಟಿಗಳು.
ತುಳಸು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ನಗಲಿ.

ಗಂಟು ನೋಡಲಾ, ಅಂದೆ.
ಹರಿಕಂತ್ರರ ಮಗಳು ನಾನು,
ಅಪ್ಪ ಬಲೆ ಹೊಲಿಯುವಾಗ ಸೂಜಿಗೆ ನೂಲು ತುಂಬಿಕೊಟ್ಟವಳು.
ಎಳೆದಷ್ಟೂ ಬಿಗಿಯಬೇಕು, ಬೇಕೆಂದಾಗ ಬಿಚ್ಚಬೇಕು,
ಎರಡೂ ಆಗದ್ದು ಗಂಟಲ್ಲ, ಗೋಜಲು ಅನ್ನುತ್ತಿದ್ದ.
ಇದು ಎಂಟರ ಅಂಕೆಯ ಹಾಗೆ ಹೋಗಿ
ಬಂದ ದಾರಿಯಲ್ಲೇ ಹಿಂದಿರುಗುವ ಗಂಟು.
ಉಗುರಿನಿಂದ ಒತ್ತಿ, ಎಳೆ ಎಳೆ ಬೆನ್ನಟ್ಟಿ ನೋಡಿದೆ.
ಅಷ್ಟು ಹೊತ್ತೂ ಜಿಫ್ರಿ
ಪಟ್ಟಿ ತಿದ್ದಿಸಿಕೊಳ್ಳುವ ಹುಡುಗನಂತೆ ಕೈಕಟ್ಟಿ ನಿಂತಿದ್ದ.
ಸರಿ, ಅಂದೆ.

ಅಪ್ಪ ಕಲಿಸಿದ್ದು ಇನ್ನೊಂದು ಇತ್ತು.
ಚಿಪ್ಪಿಕಲ್ಲು ಕೀಳುವಾಗಲೂ ಒಂದು ಕಣ್ಣು ತೆರೆಯ ಮೇಲಿರಲಿ.
ಬೆನ್ನು ಹಾಕಿದವರನ್ನು ಅದು
ಹೆಸರು ಹಿಡಿದು ಕರೆಯುವುದಿಲ್ಲ ಮಗಾ,
ಸೀದಾ ಎತ್ತಿಕೊಂಡು ಹೋಗ್ತದೆ.

"ಸಮುದ್ರಕ್ಕೆ ಬೆನ್ನು ಮಾಡಿ" ಅಂದ ಜಿಫ್ರಿ.
"ಹಿಂದಕ್ಕೆ ಕೂರಿ. ಕುರ್ಚಿ ಇದೆ ಅಂತ ತಿಳ್ಕೊಳ್ಳಿ."

ಕುರ್ಚಿ ಇಲ್ಲ.
ನಿಂತೇ ಪಾಠ ಮಾಡಿದ ಕಾಲುಗಳು
ಕೂರಲು ಒಪ್ಪಲಿಲ್ಲ. ಬೈದೆ ಅವಕ್ಕೆ, ಮನಸ್ಸಿನಲ್ಲೇ,
ಮಕ್ಕಳೆದುರು ಆಡಬಾರದ ಮಾತಿನಲ್ಲಿ.
ಆಮೇಲೆ ಕೂತೆ.

ಹಗ್ಗ ಕಿರ್ರೆಂದಿತು, ಹಿಡಿಯಿತು.
ಒಂದು ಹೆಜ್ಜೆ. ಇನ್ನೊಂದು.
ಮೂಗಿನ ತುದಿಗೆ ಬಂಡೆ,
ಬಿರುಕಿನಲ್ಲಿ ಒಂಟಿ ಹುಲ್ಲಿನ ಎಸಳು,
ನನ್ನನ್ನು ಕಂಡು ಅಡ್ಡಡ್ಡ ಓಡಿದ ಏಡಿ.
ಅರ್ಧಕ್ಕೆ ಕಾಲು ಜಾರಿ
ಬುಗುರಿಯಂತೆ ತಿರುಗಿ ಮೊಣಕಾಲು ತರಚಿ ನಿಂತಾಗ
ಬೆನ್ನ ಹಿಂದೆ ಕೇಳಿತು: ಗುಸುಗುಸು, ಗುಸುಗುಸು,
ನಡುವೆ ಒಮ್ಮೆ ಧಡ್ಡೆಂದು ಯಾರೋ ಬೆಂಚು ಬೀಳಿಸಿದ ಸದ್ದು.

ಅರೆ, ಇದು ಗೊತ್ತಲ್ಲ ನನಗೆ!
ಬೋರ್ಡಿಗೆ ಮುಖ ಮಾಡಿ ಬರೆಯುವಾಗ
ದಿನವೂ ಬೆನ್ನ ಹಿಂದೆ ಇರುವುದು ಇದೇ.
ಯಾರು ಪಿಸುಗುಟ್ಟಿದರು, ಯಾರು ಪೆನ್ಸಿಲು ಕದ್ದರು,
ತಿರುಗದೆ ಹೇಳಬಲ್ಲೆ.
ಕೇಳಿಸ್ತಾ ಇದೆ, ಅಂದೆ ಸಮುದ್ರಕ್ಕೆ,
ತಾರಮ್ಮಯ್ಯ ಮಾಡಬೇಡ. ಬರೀತಾ ಇದ್ದೇನೆ.

ಕಾಲು ನೀರಿಗೆ ಸೋಕಿತು.
ಕೊಂಡಿ ಬಿಚ್ಚಿಕೊಂಡೆ. ಅಂಗೈ ಉರಿ.
ಹಳೆ ಅಭ್ಯಾಸ, ಮೊದಲು ತೆರೆಯ ಕಡೆ ತಿರುಗಿದೆ.
ಇಳಿತ. ಅದರಷ್ಟಕ್ಕೆ ಅದಿತ್ತು.

ಮೇಲೆ ಅಂಚಿನಲ್ಲಿ ಹೆಲ್ಮೆಟ್ಟಿನೊಳಗೆ ಮಾಬ್ಲನ ಮುಖ.
"ಅಕ್ಕೋರೇ, ಹೆದ್ರಿಕೆ ಆಯ್ತಾ?"
ಇಲ್ಲ ಎಂಬ ಮಾತು ನಾಲಿಗೆ ತುದಿವರೆಗೂ ಬಂದಿತ್ತು.
"ಆಯ್ತೋ ಮಾರಾಯ!"
ಸ್ವಲ್ಪ ಹೊತ್ತು ಗಾಳಿ.
"ಹಂಗಾದ್ರೆ ನಾನೂ ಬರ್ತೆ."

ಜಿಫ್ರಿ ಮೊದಲೇ ಹೇಳಿಕೊಟ್ಟಿದ್ದ:
ಇಳಿದವರು ಹಗ್ಗದ ಕೆಳತುದಿ ಹಿಡಿಯಬೇಕು,
ಇಳಿಯುವವರ ಮೇಲಿಂದ ಕಣ್ಣು ತೆಗೆಯಬಾರದು.
ಅಂದರೆ ಮತ್ತೆ ಸಮುದ್ರಕ್ಕೆ ಬೆನ್ನು.

ಹಿಡಿದೆ.