ಎಣಿಕೆ

ಮೊದಲ ವರ್ಷ, ಮೊದಲ ವಾರ, ಒಂದು ಹಾಳೆ ಕೊಟ್ಟರು.
ನಿಂತಿರಬಲ್ಲೆಯಾ ದಿನಕ್ಕೆ ಆರು ತಾಸು?
ಬಗ್ಗಬಲ್ಲೆಯಾ, ಮಂಡಿಯೂರಬಲ್ಲೆಯಾ,
ಇನ್ನೊಬ್ಬರ ಭಾರ ಹಿಡಿದು ಹೊರಳಬಲ್ಲೆಯಾ?
ಕೈಗೆ ತಿಳಿಯುತ್ತದೆಯೇ
ಬಿಸಿ ಯಾವುದು, ಬಾವು ಯಾವುದು, ಬಿಗಿ ಯಾವುದು?
ಹೌದು ಎಂಬ ಚೌಕದಲ್ಲಿ ಗೀಟು ಹಾಕುತ್ತ ಹೋದೆ.
ನಲವತ್ತಮೂರು ಕಿಲೋ ನಾನು, ಚಪ್ಪಲಿ ಸೇರಿ.
ಜೇವರ್ಗಿಯಿಂದ ಕಲಬುರಗಿತನಕ ಬಸ್ಸಿನಲ್ಲಿ ನಿಂತೇ ಬಂದವಳಿಗೆ
ನಿಲ್ಲುವುದೂ ಒಂದು ವಿದ್ಯೆ ಎಂದು ಅಲ್ಲಿಯತನಕ ಗೊತ್ತಿರಲಿಲ್ಲ.

ಜಗದೇವಿ ಮೇಡಂ ಕಣ್ಣಿಗೆ ಓಢಣಿ ಕಟ್ಟಿಸಿದರು,
ಗೆಳತಿಯ ಬೆನ್ನ ಮೇಲೆ ಬೆರಳಿಡು, ಎಣಿಸು ಎಂದರು.
ಕುತ್ತಿಗೆ ಬುಡದ ಉಬ್ಬಿನಿಂದ ಕೆಳಗೆ, ಒಂದೊಂದೇ ಗಂಟು.
ಹನ್ನೊಂದಕ್ಕೆ ತಪ್ಪಿದೆ. ಮತ್ತೆ ಮೇಲಿಂದ.
ರುಬೀನಾ ಕಚಗುಳಿಗೆ ನಕ್ಕಳು, ಮತ್ತೆ ತಪ್ಪಿತು.
ಆಮೇಲೆ ಮೂರು ತಿಂಗಳು ಹಾಸ್ಟೆಲ್ಲಿನಲ್ಲಿ
ಅವಳ ಹೆಗಲೆಲುಬು ನನ್ನ ಪಾಟಿ,
ನನ್ನ ಮೊಣಕಾಲು ಅವಳದು.

ಈಗ ಮೂರನೇ ವರ್ಷ. ಏಪ್ರಿಲ್.
ವಾರ್ಡಿನ ಪಂಖ ಬಿಸಿ ಗಾಳಿಯನ್ನೇ ರೊಟ್ಟಿಯ ಹಾಗೆ ಮಗುಚಿ ಹಾಕುತ್ತದೆ.
ಹನ್ನೆರಡನೇ ಮಂಚ: ಲಾಡ್ಲೇಸಾಬ.
ಗಂಜಿನಲ್ಲಿ ಮೂವತ್ತು ವರ್ಷ ಹಮಾಲಿ, ಎಡಭಾಗಕ್ಕೆ ಲಕ್ವಾ,
ಎಂಬತ್ತೊಂದು ಕಿಲೋ.
ಮಂಚದಿಂದ ಕುರ್ಚಿಗೆ ಒಯ್ಯಬೇಕು ನಾನು.
ಪುಸ್ತಕದಂತೆ ಕಾಲು ಅಗಲಿಸಿ, ಬೆನ್ನು ನೆಟ್ಟಗಿಟ್ಟು,
ಮರ್ಯಾದೆಯಿಂದ ಒಂದು ಮೊಳ ದೂರ ನಿಂತೆ.
ಅವರ ಬಾಯಿಯ ಅರ್ಧ ಏನೋ ಹೇಳಿತು,
ಕಿವಿಗೆ ಬಂದದ್ದು ಬರೀ ಗಾಳಿ.
ಬಗ್ಗಿದೆ. ಮತ್ತೊಮ್ಮೆ ಹೇಳಿದರು.
ಹೆಂಡತಿ ಮಾಶಾಬಿ ಬಿಡಿಸಿ ಹೇಳುವ ಮುಂಚೆ ನನಗೇ ತಿಳಿಯಿತು:
"ಚೀಲ ದೂರ ಹಿಡದ್ರ ಚೀಲನೇ ನಿನ್ನ ಕೆಡವ್ತದ, ಬೇಟಿ.
ಎದಿಗಿ ಹಚ್ಕೊ."

ಹಚ್ಚಿಕೊಂಡೆ.
ಬೆವರು, ಕೊಬ್ಬರಿ ಎಣ್ಣೆ, ಮಾತ್ರೆಯ ವಾಸನೆ.
ತೊಗರಿ ಚೀಲ ಹೊತ್ತು ಹೊತ್ತು ಗಟ್ಟಿಯಾದ ಹೆಗಲಿನ ಗಡ್ಡೆ
ನನ್ನ ಗಲ್ಲಕ್ಕೆ ಒತ್ತಿತು.
ನನ್ನ ಮಂಡಿ ಅವರ ಮಂಡಿಗೆ ಆನಿಸಿ, ಹಿಂದಕ್ಕೆ ತೂಗಿ,
ಎದ್ದೆವು. ಇಬ್ಬರೂ.
ಹಾಳೆಯಲ್ಲಿ ಎಷ್ಟು ಕಿಲೋ ಅಂತ ಇತ್ತು,
ಎಷ್ಟು ಸಮೀಪ ಅಂತ ಇರಲಿಲ್ಲ.

ದಿನಾ ಬೆಳಗ್ಗೆ ಎಡಗೈ ಅಳೆಯುತ್ತೇನೆ.
ಐದು ಎಂದರೆ ನಾನು ಒತ್ತಿ ಹಿಡಿದರೂ ನಿಲ್ಲುವ ಬಲ,
ಮೂರು ಎಂದರೆ ಭೂಮಿ ಎಳೆಯುವುದನ್ನಷ್ಟೇ ಗೆದ್ದದ್ದು.
ಹದಿನೇಳು ದಿನ ಸೊನ್ನೆ ಬರೆದೆ,
ಚಿಕ್ಕದಾಗಿ, ಅವರಿಗೆ ಕಾಣದಂತೆ ಅಂಗೈ ಮರೆಮಾಡಿ.
ಸುಳ್ಳು ಹೇಳಬಾರದು, ಆಸೆಯನ್ನೂ ಕಸಿಯಬಾರದು,
ಅಂಥದ್ದೊಂದು ಮುಖವನ್ನು
ಹಾಸ್ಟೆಲ್ಲಿನ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೇನೆ.
ಇನ್ನೂ ಬಂದಿಲ್ಲ.

ಹದಿನೆಂಟನೇ ದಿನ, ಮೊದಲು ಬಲಗೈ ವ್ಯಾಯಾಮ.
"ಎತ್ತಿ, ಒಂದು" ಎಂದೆ.
ತಲೆ ಅಲ್ಲಾಡಿಸಿದರು. ತೊದಲಿ ತೊದಲಿ,
"ಒಂದ್ ಅನಬ್ಯಾಡ. ಕಾಳು ಅಳಿಯೋ ಮುಂದ
ಮೊದಲ್ನೇ ಸೇರಿಗಿ ಒಂದ್ ಅನ್ನಂಗಿಲ್ಲ.
ಲಾಭ."
ಲಾಭ, ಎರಡು, ಮೂರು.
ಪಕ್ಕದ ಮಂಚದ, ಕಾಲು ಮುರಿದುಕೊಂಡ ಹುಡುಗನೂ
ಚಹಾ ಹೀರುತ್ತ ದನಿಗೂಡಿಸಿದ.

ಆಮೇಲೆ ಎಡಗೈ.
ಮುಂಗೈಯ ಒಳಮೈಗೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದೆ.
ಮುಷ್ಟಿ ಕಟ್ಟಿ ಎಂದೆ. ಏನೂ ಹಂದಲಿಲ್ಲ.
ಆದರೆ ತೊಗಲಿನಡಿ, ನೂಲಿನಷ್ಟು, ಏನೋ ಬಿಗಿದು ಬಿಟ್ಟಿತು.
ನನ್ನದೇ ನಾಡಿ ಇರಬಹುದು.
ಬೆರಳು ಬದಲಿಸಿದೆ. ಮತ್ತೆ ಕಟ್ಟಿ.
ಮತ್ತೆ ಬಿಗಿದು ಬಿಟ್ಟಿತು.
ಜಗದೇವಿ ಮೇಡಂ ಬಂದು ಮುಟ್ಟಿದರು, ಅವರೂ ಕಣ್ಣು ಮುಚ್ಚಿದರು,
ತುಸು ಹೊತ್ತಿನ ಮೇಲೆ "ಬರಿ" ಎಂದು
ಹದಿಮೂರನೇ ಮಂಚಕ್ಕೆ ಹೋದರು.

೧ ಎಂದು ಬರೆದೆ. ಈ ಸಲ ಮರೆಮಾಡಲಿಲ್ಲ.
ಓದು ಬಾರದ ಮಾಶಾಬಿ ಹಾಳೆಯತ್ತ ಬಾಗಿ
"ಏನ್ ಬರದಿ ಬೇಟಿ?" ಎಂದಳು.
ಬಾಯಿಗೆ ಬಂದದ್ದು ಅಂಕಿ ಅಲ್ಲ.

ಲಾಡ್ಲೇಸಾಬ ಅರ್ಧ ಮುಖದಲ್ಲಿ ನಕ್ಕು
ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು,
ಸಾವಕಾಶ,
ಬೇರೆ ಯಾರದೋ ಸಾಮಾನು ಇಳಿಸಿದ ಹಾಗೆ.